ಆದೇಶದ ಮೌನಕ್ಕೆ ಕಂಪನಿ ಏಕೆ ಹೊಣೆ?

ತೆರಿಗೆ ನಿರ್ಧರಿಸುವ ಅಧಿಕಾರಿಯ ಆದೇಶವನ್ನು ಆಯುಕ್ತರು ಪರಿಷ್ಕರಿಸಲು ಅವಕಾಶ ಕೊಡುವ, 1961ರ ಆದಾಯ ತೆರಿಗೆ ಕಾಯ್ದೆಯ 263ನೇ ಸೆಕ್ಷನ್ ಅಡಿ ನೋಟಿಸ್ ಬಂದ ಕೂಡಲೇ ಕಂಪನಿ ಪರ ವಕೀಲರು ಕೈಗೆತ್ತಿಕೊಳ್ಳುವುದು ಮಲಬಾರ್ ಇಂಡಸ್ಟ್ರಿಯಲ್ ಕಂಪನಿ ಪ್ರಕರಣದ ತೀರ್ಪನ್ನು. ಸುಪ್ರೀಂ ಕೋರ್ಟ್ 2000ದ ಫೆಬ್ರುವರಿಯಲ್ಲಿ ನೀಡಿದ ಆ ತೀರ್ಪಿನಲ್ಲಿ ಗೆದ್ದದ್ದು ಮಾತ್ರ ಇಲಾಖೆ. ಕಂಪನಿ ತನ್ನ ರಬ್ಬರ್ ತೋಟ ಮಾರಿತ್ತು. ಕೊಂಡವರು ಗಡುವಿನೊಳಗೆ ಹಣ ಕೊಡಲಾಗದೆ 3,66,649 ರೂಪಾಯಿ ಪರಿಹಾರ ಕಟ್ಟಿಕೊಟ್ಟರು. ಇದು ಕೃಷಿ ವರಮಾನದ ನಷ್ಟಕ್ಕೆ ಸಂದ ಹಣ, ತೆರಿಗೆ ಬೀಳುವುದಿಲ್ಲ ಎಂದಿತು ಕಂಪನಿ. ಅಧಿಕಾರಿ ಏನನ್ನೂ ವಿಚಾರಿಸದೆ ಒಪ್ಪಿಬಿಟ್ಟರು. ಆಯುಕ್ತರು ಆ ಆದೇಶವನ್ನು ಪರಿಷ್ಕರಣೆಗೆ ಎತ್ತಿಕೊಂಡರು, ಕೋರ್ಟ್ ಅವರ ಕ್ರಮವನ್ನು ಎತ್ತಿಹಿಡಿಯಿತು.

ಒಂದು ಕಂಪನಿ ಸೋತ ತೀರ್ಪು ಉಳಿದ ಕಂಪನಿಗಳಿಗೆ ಗುರಾಣಿಯಾದದ್ದು, ಆಯುಕ್ತರ ಅಧಿಕಾರಕ್ಕೆ ಅದೇ ತೀರ್ಪು ಗೆರೆ ಎಳೆದದ್ದರಿಂದ. ಆದೇಶ ತಪ್ಪಾಗಿರಬೇಕು, ಬೊಕ್ಕಸದ ಹಿತಕ್ಕೆ ಧಕ್ಕೆಯನ್ನೂ ತಂದಿರಬೇಕು. ಎರಡರಲ್ಲಿ ಒಂದಷ್ಟೇ ಇದ್ದರೆ ಸಾಲದು. ಕಾನೂನು ಒಪ್ಪುವ ಎರಡು ಅಭಿಪ್ರಾಯಗಳಲ್ಲಿ ಒಂದನ್ನು ಅಧಿಕಾರಿ ಆರಿಸಿಕೊಂಡಿದ್ದರೆ, ತೆರಿಗೆ ಕಡಿಮೆ ಬಂತೆಂಬ ಕಾರಣಕ್ಕೆ ಅದನ್ನು ಕೆಡಹುವಂತಿಲ್ಲ. 2007ರ ಮ್ಯಾಕ್ಸ್ ಇಂಡಿಯಾ ತೀರ್ಪು ಈ ಗೆರೆಯನ್ನು ಇನ್ನೂ ಗಟ್ಟಿ ಮಾಡಿತು. ರಫ್ತು ಲಾಭದ ವಿನಾಯಿತಿ ಕುರಿತ ಸೆಕ್ಷನ್ನಿಗೆ ಮುಂದೆ ಪೂರ್ವಾನ್ವಯ ತಿದ್ದುಪಡಿ ಬಂದಿದ್ದರೂ, ಆಯುಕ್ತರು ಆದೇಶ ಮಾಡಿದ ದಿನ ಕಾನೂನು ಹೇಗಿತ್ತು ಎಂಬುದನ್ನೇ ನೋಡಬೇಕು ಎಂದಿತು ಕೋರ್ಟ್.

ಈ ಅಧಿಕಾರವೇ ಬೇಡ ಎನ್ನುವುದು ನನ್ನ ವಾದವಲ್ಲ. ತನ್ನದೇ ಅಧಿಕಾರಿಯ ಆದೇಶದ ವಿರುದ್ಧ ಇಲಾಖೆ ಮೇಲ್ಮನವಿ ಹೋಗುವಂತಿಲ್ಲ. ಕಂಪನಿಯ ಜತೆ ಶಾಮೀಲಾಗಿಯೋ, ಕೆಲಸ ಮುಗಿದರೆ ಸಾಕೆಂದೋ ಅಧಿಕಾರಿ ಸಹಿ ಹಾಕಿದರೆ, ತಿದ್ದುವ ಕೈ ಒಂದು ಮೇಲೆ ಇರಲೇಬೇಕು. ಆದರೆ ಆ ಕೈ ಚಾಚುವ ದೂರವೂ ಸಣ್ಣದಲ್ಲ. ಆದೇಶ ಹೊರಟ ಹಣಕಾಸು ವರ್ಷ ಮುಗಿದ ಮೇಲೆ ಎರಡು ವರ್ಷದ ಅವಧಿ ಇದೆ. 2023ರ ಮೇ ತಿಂಗಳ ಆದೇಶವೊಂದು 2026ರ ಮಾರ್ಚ್ 31ರವರೆಗೆ ತೂಗುಯ್ಯಾಲೆಯಲ್ಲೇ ಇರುತ್ತದೆ. ಅಷ್ಟರಲ್ಲಿ ಕಂಪನಿ ಲೆಕ್ಕ ಮುಗಿಸಿ ಲಾಭಾಂಶ ಹಂಚಿರುತ್ತದೆ, ಆ ಲೆಕ್ಕ ನಂಬಿ ಬ್ಯಾಂಕ್ ಸಾಲ ಕೊಟ್ಟಿರುತ್ತದೆ.

ತೊಡಕು ಹೆಚ್ಚಿದ್ದು 2015ರ ಜೂನ್ 1ರಿಂದ ಜಾರಿಗೆ ಬಂದ ವಿವರಣೆಯಿಂದ. ಮಾಡಬೇಕಾಗಿದ್ದ ವಿಚಾರಣೆ ಮಾಡದೆ ಆದೇಶ ಹೊರಡಿಸಿದರೆ ಅದು ತಪ್ಪು ಆದೇಶವೆಂದೇ ಭಾವಿಸಬೇಕು ಎನ್ನುತ್ತದೆ ಅದು. ಎಷ್ಟು ವಿಚಾರಣೆ ಆಗಬೇಕಿತ್ತು ಎಂಬುದನ್ನು ಅಳೆಯುವವರು ಪ್ರಧಾನ ಆಯುಕ್ತರೇ. ಹೀಗಾಗಿ ಎಷ್ಟೋ ಪ್ರಕರಣಗಳಲ್ಲಿ ಕಾನೂನಿನ ತಪ್ಪು ಯಾವುದು ಎಂಬ ಪ್ರಶ್ನೆ ಹಿಂದೆ ಸರಿದು, ಅಧಿಕಾರಿ ನೋಡಿದ್ದರೇ ಇಲ್ಲವೇ ಎಂಬುದರ ಮೇಲೇ ಜಗಳ ನಡೆಯುತ್ತದೆ.

ಇಲ್ಲಿ ಎರಡು ಹೈಕೋರ್ಟ್‌ಗಳ ನೋಟವನ್ನು ಎದುರುಬದುರು ಇಟ್ಟು ನೋಡಬೇಕು. ಕಾರಿನ ಬಿಡಿಭಾಗ ತಯಾರಿಸುವ ಸನ್‌ಬೀಮ್ ಆಟೊ ಕಂಪನಿ ಅಚ್ಚುಗಳಿಗೆ ಮಾಡಿದ ವೆಚ್ಚದ ಬಗ್ಗೆ ಅಧಿಕಾರಿ ಪ್ರಶ್ನೆ ಕೇಳಿದ್ದರು, ಉತ್ತರವೂ ಕಡತದಲ್ಲಿತ್ತು. ಆದೇಶದಲ್ಲಿ ಮಾತ್ರ ಅದರ ಸೊಲ್ಲಿರಲಿಲ್ಲ. ವಿಚಾರಣೆಯೇ ಇಲ್ಲದಿರುವುದು ಬೇರೆ, ಸಾಲದಿರುವುದು ಬೇರೆ ಎಂದು ದೆಹಲಿ ಹೈಕೋರ್ಟ್ ಪರಿಷ್ಕರಣೆಯನ್ನು ಒಪ್ಪಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ ಇನ್ಫೊಸಿಸ್ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ವಿದೇಶದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕೊಟ್ಟ ರಿಯಾಯಿತಿಯ ಪ್ರಶ್ನೆ ಅದು. ತೆರಿಗೆ ನಿರ್ಧರಿಸುವವರು ಅರೆ-ನ್ಯಾಯಿಕ ಕೆಲಸ ಮಾಡುತ್ತಾರೆ, ಕಾರಣ ಆದೇಶದಲ್ಲೇ ಕಾಣಬೇಕು ಎಂದು ಹೇಳಿ ಆಯುಕ್ತರ ಪರ ನಿಂತಿತು.

ಕಾರಣ ಬರೆಯಬೇಕೆಂಬ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಬರೆಯದೆ ಬಿಟ್ಟವರು ಅಧಿಕಾರಿ, ಬೆಲೆ ತೆರುವುದು ಕಂಪನಿ. ಕೇಳಿದ ದಾಖಲೆಯನ್ನೆಲ್ಲ ಒದಗಿಸಿದ ಕಂಪನಿಗೆ ಆದೇಶದ ಒಕ್ಕಣೆಯ ಮೇಲೆ ಯಾವ ಹಿಡಿತವಿದೆ? ಒಪ್ಪದ ಅಂಶಕ್ಕೆ ಪುಟಗಟ್ಟಲೆ ಬರೆಯುವ ಅಧಿಕಾರಿಗಳು ಒಪ್ಪಿದ್ದರ ಬಗ್ಗೆ ಒಂದು ಸಾಲೂ ಬರೆಯದಿರುವುದು ಇಲಾಖೆಯ ಹಳೆಯ ರೂಢಿ. ಮುಖರಹಿತ ನಿರ್ಧರಣೆ ಬಂದ ಮೇಲೆ ನಿರ್ಧರಣೆ, ಪರಿಶೀಲನೆ, ತಾಂತ್ರಿಕ, ಪುನರವಲೋಕನ ಎಂದು ನಾಲ್ಕು ಬಗೆಯ ಘಟಕಗಳೇ ಇವೆ. ಇಷ್ಟೊಂದು ವ್ಯವಸ್ಥೆ ಕಟ್ಟಿಕೊಂಡ ಇಲಾಖೆಯೇ ಎರಡು ವರ್ಷದ ನಂತರ ‘ಸರಿಯಾಗಿ ನೋಡಿಲ್ಲ’ ಎಂದರೆ ಆ ಲೋಪ ಯಾರದು?

ದೆಹಲಿ ಹೈಕೋರ್ಟ್ 2012ರಲ್ಲಿ ಡಿ.ಜಿ. ಹೌಸಿಂಗ್ ಪ್ರಾಜೆಕ್ಟ್ಸ್ ಪ್ರಕರಣದಲ್ಲಿ ಹೇಳಿದ್ದನ್ನು ಕಾಯ್ದೆಗೇ ಸೇರಿಸಬೇಕು. ಅಧಿಕಾರಿ ವಿಚಾರಣೆ ನಡೆಸಿದ್ದಾಗ ಅದು ಸಾಲದು ಎನಿಸಿದರೆ ಆಯುಕ್ತರು ತಾವೇ ವಿಚಾರಿಸಲಿ, ತಪ್ಪು ಇದೆಯೆಂದು ತಾವೇ ತೋರಿಸಲಿ. ತಪ್ಪು ಇದ್ದೀತೇ ಹುಡುಕು ಎಂದು ಕಡತವನ್ನು ಕೆಳಗೆ ಅಟ್ಟುವುದು ಪರಿಷ್ಕರಣೆಯಲ್ಲ, ಎರಡನೇ ಬೇಟೆ. ಹೊರಗಿನ ಆಡಿಟ್ ಆಕ್ಷೇಪಣೆ ಬಂತೆಂದು ಅದನ್ನೇ ನೋಟಿಸಿಗೆ ಇಳಿಸುವ ಅಭ್ಯಾಸಕ್ಕೂ ಇದರಿಂದ ಕಡಿವಾಣ ಬೀಳುತ್ತದೆ. 536 ಸೆಕ್ಷನ್‌ಗಳ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಭಾಷೆಯನ್ನು ಸರಳ ಮಾಡಿತು. ಪರಿಷ್ಕರಣೆಯ ಅಧಿಕಾರವನ್ನು ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿಕೊಂಡಿತು. ಸಂಸತ್ತಿನ ಮುಂದೆ ಬಂದಿದ್ದ ಒಳ್ಳೆಯ ಅವಕಾಶ ಕೈತಪ್ಪಿತು.

ಇನ್ನೊಂದು ಕೆಲಸಕ್ಕೆ ಸಂಸತ್ತನ್ನು ಕಾಯಬೇಕಿಲ್ಲ. ಸ್ಕ್ರೂಟಿನಿಗೆ ಒಳಪಟ್ಟ ಪ್ರತಿ ಅಂಶದಲ್ಲೂ ಕೇಳಿದ ಪ್ರಶ್ನೆ ಏನು, ಕಂಪನಿ ಕೊಟ್ಟ ದಾಖಲೆ ಯಾವುದು, ಒಪ್ಪಿದ್ದು ಯಾಕೆ ಎಂದು ಎರಡು ಸಾಲು ಆದೇಶದಲ್ಲೇ ಬರೆಯಿರಿ ಎಂದು ಕೇಂದ್ರೀಯ ನೇರ ತೆರಿಗೆ ಮಂಡಳಿ ಅಧಿಕಾರಿಗಳಿಗೆ ಸೂಚಿಸಬಹುದು. ಅದಕ್ಕೆ ಒಂದು ಸುತ್ತೋಲೆ ಸಾಕು.