ನಡುಗುವ ಕೈಯ ಸಹಿ

ನನ್ನ ದಾದಾ ಪಣಂಬೂರು ಬಂದರಿನಲ್ಲಿ ಸರಕಿನ ಲೆಕ್ಕ ಬರೆಯುತ್ತಿದ್ದವರು. ಎರಡು ವರ್ಷದ ಹಿಂದೆ ಬ್ಯಾಂಕಿನಲ್ಲಿ ಅವರ ಸಹಿ ಮೂರು ಸಲ ತಾಳೆಯಾಗಲಿಲ್ಲ. 'ಹೆಬ್ಬೆಟ್ಟು ಒತ್ತಿ' ಎಂದರು. ಜೀವನವಿಡೀ ಲೆಕ್ಕ ಬರೆದ ಮನುಷ್ಯ ನಡುಗುವ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ಮನೆಗೆ ಬಂದರು. ವಯಸ್ಸಾಯಿತು ಎಂದು ನಾವೆಲ್ಲ ಸುಮ್ಮನಾದೆವು. ಅದು ಪಾರ್ಕಿನ್ಸನ್ ಕಾಯಿಲೆ ಎಂದು ತಿಳಿಯುವಾಗ ಒಂದು ವರ್ಷ ಕಳೆದಿತ್ತು. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಕಾಯಿಲೆಯನ್ನು ನಾವು ತಪ್ಪು ಖಾತೆಗೆ ಬರೆದಿದ್ದೆವು.

ಈ ನಡುಕದ ಬೆನ್ನು ಹತ್ತಿದ ವೈದ್ಯರು ನಮ್ಮ ರಾಜ್ಯದಲ್ಲೇ ಇದ್ದರು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ನ ಮೊದಲ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮ ಅವರು ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ಹಾಯಿಸಿ ನಡುಕಕ್ಕೆ ಚಿಕಿತ್ಸೆ ಮಾಡಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಿದುಳಿನ ಒಂದು ಸಣ್ಣ ಭಾಗವನ್ನು ನಾಶಮಾಡಬೇಕಿತ್ತು. 1987ರಲ್ಲಿ ಫ್ರಾನ್ಸಿನ ವೈದ್ಯ ಅಲೀಂ ಲೂಯಿ ಬೆನಬಿದ್ ಬೇರೆ ದಾರಿ ತೋರಿಸಿದರು: ನಾಶ ಬೇಡ, ಸಣ್ಣ ವಿದ್ಯುತ್ ಮಿಡಿತ ಸಾಕು. ಅದೇ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಎಂಆರ್‌ಐ ಚಿತ್ರವನ್ನು ನಕ್ಷೆಯಂತೆ ಬಳಸಿ, ಮಿಲಿಮೀಟರ್ ಲೆಕ್ಕದಲ್ಲಿ ಮಿದುಳಿನೊಳಗೆ ತೆಳುವಾದ ತಂತಿ ಇಳಿಸುತ್ತಾರೆ. ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ನಡುಕ, ಬಿಗಿತ ಕಡಿಮೆಯಾಗುತ್ತದೆ.

ಇದಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಸಾಮಾನ್ಯ ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಲೂ ಬೇಕು. ಅಂದರೆ ಇದು ಒಂದು ಸಲ ಮುಗಿಯುವ ಖರ್ಚಲ್ಲ. ವಿಜ್ಞಾನದವರು ಯಂತ್ರ ಮಾಡಿದ್ದಾರೆ. ಅದು ಮೀನುಗಾರನ ಮನೆಗೂ, ಲಾರಿ ಚಾಲಕನ ಮನೆಗೂ ಎಟಕುವಂತೆ ವಿಮೆ, ಬೆಲೆ, ಸರಕಾರಿ ನೆರವಿನ ಲೆಕ್ಕ ಹಾಕುವುದು ಕಾಮರ್ಸ್ ಓದುವ ನಮ್ಮ ಕೆಲಸವೂ ಹೌದು.

'ಅಷ್ಟು ದುಡ್ಡು ಎಲ್ಲಿದೆ, ತೋರಿಸಿ ಏನು ಪ್ರಯೋಜನ?' ಎಂದು ಕೆಲವರು ಕೇಳುತ್ತಾರೆ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ. ಮೊದಲು ಮಾತ್ರೆ ಇದೆ. ದಾದಾ ಈಗ ಅದರಲ್ಲೇ ಚಹಾದ ಲೋಟ ಚೆಲ್ಲದೆ ಹಿಡಿಯುತ್ತಾರೆ. ಮನೆಯಲ್ಲಿ ದುವಾ ಇರಲಿ, ಜೊತೆಗೆ ದವಾ ಕೂಡ ಇರಲಿ.

ಮೊನ್ನೆ ಅವರ ಹಳೆಯ ಮನೆಖರ್ಚಿನ ಪುಸ್ತಕ ತೆಗೆದು ನೋಡಿದೆ. ಉರ್ದು ಅಕ್ಷರಗಳು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದಿವೆ. ಅದೂ ಈ ಕಾಯಿಲೆಯ ಲಕ್ಷಣವಂತೆ. ಪುಸ್ತಕ ನಮ್ಮ ಕಪಾಟಿನಲ್ಲೇ ಇತ್ತು, ನೋಡಿದವರು ಯಾರೂ ಇರಲಿಲ್ಲ. ನಿಮ್ಮ ಮನೆಯ ಹಿರಿಯರ ಕೈಯನ್ನು ಇಂದು ಸಂಜೆ ಒಮ್ಮೆ ಗಮನಿಸಿ.