ಕಲ್ಲಿಗೂ ತೇದಿಯುಂಟು, ಕಳಂಕಕ್ಕಿಲ್ಲವೇ?



ಅರಸೀಕೆರೆಯ ಶಾಲೆಯಿಂದ ಬೇಲೂರು, ಹಳೇಬೀಡುಗಳಿಗೆ ಪ್ರವಾಸ ಹೋದಾಗಲೆಲ್ಲ, ಮದನಿಕೆಯರನ್ನು ನೋಡುವ ಆತುರದಲ್ಲಿದ್ದ ನಿಮ್ಮನ್ನು ಶಾಸನದ ಕಲ್ಲಿನ ಮುಂದೆ ನಿಲ್ಲಿಸಿ ಬೇಸರಪಡಿಸಿದ್ದು ನಿಮಗೆ ನೆನಪಿರಬಹುದು. ‘ಶಾಸನದಲ್ಲಿ ಮೊದಲು ಏನನ್ನು ಹುಡುಕಬೇಕು?’ ಎಂದು ಕೇಳುತ್ತಿದ್ದೆ. ಹೇಳಿದವರು ಯಾರು, ಹೇಳಿದ್ದು ಯಾವಾಗ ಎಂಬುದೇ ಉತ್ತರ. ಚೆನ್ನಕೇಶವನ ಪ್ರತಿಷ್ಠೆಯಾದದ್ದು ಶಕವರ್ಷ ೧೦೩೯, ಹೇಮಳಂಬಿ ಸಂವತ್ಸರದ ಚೈತ್ರಮಾಸದಲ್ಲಿ, ಅಂದರೆ ಕ್ರಿ.ಶ. ೧೧೧೭ರಲ್ಲಿ ಎಂದು ನಾವು ಇಂದಿಗೂ ಹೇಳಬಲ್ಲೆವಾದರೆ, ಅದು ಕಲ್ಲಿನಲ್ಲಿ ತೇದಿ ಕಂಡರಿಸಿದವರ ಪುಣ್ಯ.

ಈ ಹಳೆಯ ಪಾಠ ಮತ್ತೆ ನೆನಪಾಗಲು ಕಾರಣ ನನ್ನ ಒಬ್ಬ ಶಿಷ್ಯನಿಗೆ ಒದಗಿದ ಸಂಕಟ. ಹಳೇಬೀಡಿನ ಸಮೀಪ ಪ್ರವಾಸಿಗರಿಗೆ ಊಟ, ವಸತಿ ಒದಗಿಸಿ ಜೀವನ ಸಾಗಿಸುವವನು ಅವನು. ೨೦೨೩ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಇನ್ನು ಜನ ಬರುತ್ತಾರೆಂದು ಹಿಗ್ಗಿ ಒಂದು ಜಾಲತಾಣ ಮಾಡಿಸಿದ. ಕಾಲಕಾಲಕ್ಕೆ ಅದರ ತಂತ್ರಾಂಶವನ್ನು ನವೀಕರಿಸದೆ ಬಿಟ್ಟದ್ದು ಅವನದೇ ತಪ್ಪು. ಯಾರೋ ಕಳ್ಳರು ಒಳನುಸುಳಿ ಬ್ಯಾಂಕಿನ ವೇಷದ ನಕಲಿ ಪುಟವೊಂದನ್ನು ಅದರೊಳಗೆ ಬಚ್ಚಿಟ್ಟರು. ಇಂಥ ಪುಟವನ್ನು ಗಾಳದಂತೆ ಒಡ್ಡಿ ಗ್ರಾಹಕರ ಗುಟ್ಟಿನ ಪಾಸ್‌ವರ್ಡ್ ದೋಚುವುದಕ್ಕೇ ಫಿಶಿಂಗ್ ಎನ್ನುತ್ತಾರೆ.

ವಿಷಯ ತಿಳಿದ ದಿನವೇ ಅವನು ಆ ಪುಟವನ್ನು ಕಿತ್ತೆಸೆದು, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಗೂಗಲ್‌ನ ಸರ್ಚ್ ಕನ್ಸೋಲ್ ಮೂಲಕ ಮರುಪರಿಶೀಲನೆ ಕೋರಿದ. ಎರಡು ದಿನಗಳಲ್ಲಿ ಬ್ರೌಸರಿನ ಕೆಂಪು ಎಚ್ಚರಿಕೆ ಮಾಯವಾಯಿತು. ಆದರೆ ಕಪ್ಪುಪಟ್ಟಿ ಒಂದೇ ಅಲ್ಲ. ಭದ್ರತಾ ಸಂಸ್ಥೆಗಳು ಎಷ್ಟೋ, ಪಟ್ಟಿಗಳೂ ಅಷ್ಟೇ. ಹತ್ತಾರು ಸಂಸ್ಥೆಗಳ ತೀರ್ಪನ್ನು ಒಂದೆಡೆ ತೋರಿಸುವ ವೈರಸ್‌ಟೋಟಲ್ ಕೂಡ ಯಾರ ಹೆಸರನ್ನೂ ತಾನಾಗಿ ಅಳಿಸಲಾರದು. ಪ್ರತಿಯೊಂದು ಸಂಸ್ಥೆಗೂ ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಕೆಲವರು ಅಳಿಸಿದರು. ಒಂದು ಸಂಸ್ಥೆ ಮಾತ್ರ ಐದು ತಿಂಗಳು ಉತ್ತರವನ್ನೇ ಕೊಡಲಿಲ್ಲ. ಬೆಂಗಳೂರಿನ ಕಚೇರಿಗಳ ಕಂಪ್ಯೂಟರುಗಳಲ್ಲಿ ಅವನ ತಾಣ ತೆರೆಯದಾಯಿತು. ಮದುವೆಯ ತಂಡವೊಂದು ಕಾಯ್ದಿರಿಸಿದ್ದ ಕೋಣೆಗಳನ್ನು ರದ್ದುಮಾಡಿತು.

ಹಣ ಹೋದದ್ದಕ್ಕಿಂತ ಅವನನ್ನು ಕುಗ್ಗಿಸಿದ್ದು ಸ್ವಂತ ಸೋದರಮಾವನ ಮಾತು: ‘ಬೆಂಕಿಯಿಲ್ಲದೆ ಹೊಗೆ ಬರುತ್ತದೇನಯ್ಯ?’ ಈ ಮಾವನವರು ಪ್ರತಿರಾತ್ರಿ ವಂಚನೆಯ ಕಥೆಗಳ ಪಾಡ್‌ಕಾಸ್ಟ್ ಕೇಳಿಯೇ ಮಲಗುವವರು.

ಆ ಕಾರ್ಯಕ್ರಮಗಳನ್ನು ನಾನೂ ಕೇಳಿದ್ದೇನೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ಹಣ ಕಳೆದುಕೊಂಡವರು ತಡಮಾಡದೆ ೧೯೩೦ಕ್ಕೆ ಕರೆ ಮಾಡಬೇಕು ಎಂಬುದನ್ನು ಮನೆಮನೆಗೆ ಮುಟ್ಟಿಸಿದವರಿಗೆ ನನ್ನ ನಮಸ್ಕಾರ. ಆದರೆ ನಾನು ಕೇಳಿದವುಗಳಲ್ಲಿ ಬಹುಪಾಲು ವಂಚಕನ ಚಾತುರ್ಯವನ್ನು ಹರಿಕಥೆಯಂತೆ ವರ್ಣಿಸಿ, ಕೊನೆಯಲ್ಲಿ ಒಂದು ಮಾತಿನ ಎಚ್ಚರಿಕೆ ಹೇಳಿ ಮುಗಿಯುತ್ತವೆ. ಕಳ್ಳರು ಯಾರ ಮನೆಯ ಹಿತ್ತಿಲನ್ನು ಬಳಸಿಕೊಂಡರೋ ಆ ಮನೆಯವನ ಗತಿಯೇನಾಯಿತು? ಅವನ ಹೆಸರು ಶುದ್ಧವಾಯಿತೇ? ಅದನ್ನು ಹೇಳುವವರು ವಿರಳ. ಹೀಗೆ ಕೇಳುಗನಿಗೆ ಸಿಗುವುದು ವಿವೇಕವಲ್ಲ, ಬರಿಯ ಸಂಶಯ.

‘ಸುಲಭವಾಗಿ ಹೆಸರು ಅಳಿಸಿದರೆ ಕಳ್ಳರೂ ಶುದ್ಧರಾದೆವೆಂದು ಬರುವುದಿಲ್ಲವೇ?’ ಎಂದು ನೀವು ಕೇಳಬಹುದು. ಬರುತ್ತಾರೆ. ಬಾಯಿಮಾತು ನಂಬಿ ಅಳಿಸಿರೆಂದು ನಾನು ಹೇಳುತ್ತಿಲ್ಲ. ಮತ್ತೆ ನೋಡಿ ಎನ್ನುತ್ತಿದ್ದೇನೆ. ೨೦೦೯ರ ಜನವರಿ ೩೧ರಂದು ಗೂಗಲ್‌ನ ಪಟ್ಟಿಯಲ್ಲಿ ಯಾರೋ ಕೈತಪ್ಪಿ ಒಂದು ಓರೆಗೆರೆಯನ್ನಷ್ಟೇ ಸೇರಿಸಿದ್ದರಿಂದ, ಹುಡುಕಿದ ತಾಣಗಳೆಲ್ಲವೂ ಅಪಾಯಕಾರಿ ಎಂದು ತೋರತೊಡಗಿದವು. ಜಗತ್ತಿಗೇ ಕಳಂಕ ಬಂದಾಗ ಅದನ್ನು ಒಂದು ಗಂಟೆಯೊಳಗೆ ತೊಳೆದು ಕ್ಷಮೆ ಕೇಳಿದರು. ಹಳೇಬೀಡಿನ ಹುಡುಗನೊಬ್ಬನ ಕಳಂಕಕ್ಕೆ ಐದು ತಿಂಗಳು ಬೇಕೇ?

ಬಿ.ಎಲ್. ರೈಸ್ ಅವರು ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಅಂಥ ಮಹನೀಯರ ಕೆಲಸವನ್ನೂ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿ ಮತ್ತೆ ಹೊರತಂದಿತು. ಅದರಿಂದ ರೈಸ್ ಅವರ ಗೌರವ ಕುಂದಲಿಲ್ಲ. ದಾನವನ್ನು ಅಳಿಸಿದವನಿಗೆ ನಮ್ಮ ಪೂರ್ವಿಕರು ಶಾಸನದ ಕೊನೆಯಲ್ಲಿ ಶಾಪ ಬರೆಸುತ್ತಿದ್ದರು. ಸುಳ್ಳಾಗಿಹೋದ ದೂಷಣೆಯನ್ನು ಅಳಿಸದವನಿಗೆ ಏನು ಬರೆಸೋಣ?

ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶದ ಕೆಲಸದಲ್ಲಿದ್ದೀರಿ. ಇಂಥ ಪಟ್ಟಿಗಳು ನಿಮ್ಮ ಕೈಯಲ್ಲಿದ್ದರೆ ಮೂರನ್ನು ಮಾಡಿ: ದೋಷ ಕಂಡ ದಿನಾಂಕವನ್ನು ಕಾಣುವಂತೆ ಬರೆಯಿರಿ, ದೂರಿಗೆ ವಾರದೊಳಗೆ ಉತ್ತರ ಕೊಡಿ, ಹಳೆಯ ನಮೂದುಗಳನ್ನು ಯಾರೂ ಕೇಳದಿದ್ದರೂ ಮತ್ತೆ ಪರೀಕ್ಷಿಸಿ. ಬಂಧುಗಳಿಗೆ ನನ್ನ ಬಿನ್ನಹ ಒಂದೇ: ಕೆಂಪು ಎಚ್ಚರಿಕೆ ಕಂಡರೆ ಒಳಗೆ ಹೋಗಬೇಡಿ, ಆದರೆ ತಾಣದ ಒಡೆಯನನ್ನು ಕಳ್ಳನೆನ್ನುವ ಮುನ್ನ ಅವನಿಗೊಂದು ಫೋನ್ ಮಾಡಿ.

ಉತ್ತರ ಕೊಡದ ಆ ಸಂಸ್ಥೆಯಲ್ಲಿಯೇ ನಿಮ್ಮಲ್ಲೊಬ್ಬರು ಇದ್ದರೆ ನನಗೆ ಬರೆಯಿರಿ. ಕಾಗುಣಿತ ತಪ್ಪಿದ್ದರೂ ಈ ಸಲ ಬೈಯುವುದಿಲ್ಲ.