ಬಂಡೆಯೂ ಸಂಗೀತವೂ

ಭಾನುವಾರ ಬೆಳಿಗ್ಗೆ, ಕಾಫಿಯ ಲೋಟ ಇನ್ನೂ ಕೈಯಲ್ಲಿರುವಾಗಲೇ, ಬಂಗಾರಪೇಟೆಯಿಂದ ನನ್ನ ಅಕ್ಕನ ದೂರವಾಣಿ ಕರೆ ಬಂದಿತು. ಅಕ್ಕ ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಕರೆ ಮಾಡುವವಳಲ್ಲ. ಮಾಡಿದಳೆಂದರೆ ಮನೆಯಲ್ಲಿ ಪಂಚಾಯಿತಿ ಕೂಡಿದೆಯೆಂದೂ, ನ್ಯಾಯಾಧಿಪತಿಯ ಪೀಠ ನನಗೆ ಮೀಸಲಾಗಿದೆಯೆಂದೂ, ತೀರ್ಪನ್ನು ಮಾತ್ರ ಆಕೆ ಮೊದಲೇ ಸಿದ್ಧಪಡಿಸಿಟ್ಟಿದ್ದಾಳೆಂದೂ ತಿಳಿಯಬೇಕು.

"ನೋಡೋ ತಮ್ಮಾ, ನಿನ್ನ ಸೋದರಳಿಯ ಬೆಂಗಳೂರಿಗೆ ಹೋಗುತ್ತಾನಂತೆ. ಅದೇನೋ ರಾಕ್ ಕಚೇರಿಯಂತೆ. ಸಂಜೆಯಿಂದ ರಾತ್ರಿಯವರೆಗೆ ನಿಂತುಕೊಂಡೇ ಕೇಳಬೇಕಂತೆ. ಬೇಡ ಅಂತ ನೀನೇ ಹೇಳು. ನಿನ್ನ ಮಾತಾದರೆ ಕೇಳುತ್ತಾನೆ."

ಭಾವನವರ ಧ್ವನಿ ಕೇಳಿಸಲಿಲ್ಲ. ಇಂಥ ಸಂದರ್ಭಗಳಲ್ಲಿ ಅವರು ದಿನಪತ್ರಿಕೆಯ ಹಿಂದೆ ಅಜ್ಞಾತವಾಸ ಮಾಡುವುದು ವಾಡಿಕೆ. ನಾನು ನಕ್ಕು ಏನನ್ನೋ ಹೇಳಹೊರಟೆ. ಅಕ್ಕ ನಗಲಿಲ್ಲ.

"ಕ್ರಿಕೆಟ್ ಗೆದ್ದ ಸಂತೋಷಕ್ಕೆ ಅಂತ ಹೋದ ಮಕ್ಕಳು ಮನೆಗೆ ಬಂದವೇನೋ?" ಎಂದಳು.

ನಾನು ಸುಮ್ಮನಾದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನಡೆದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯರು. ಹದಿನೆಂಟು ವರ್ಷದ ಮಗನಿರುವ ತಾಯಿ ಅದನ್ನು ಮರೆಯಬೇಕೆಂದು ಹೇಳುವ ಎದೆಗಾರಿಕೆ ನನಗಿಲ್ಲ. "ಸಂಜೆ ಹೇಳುತ್ತೇನಕ್ಕಾ" ಎಂದಷ್ಟೇ ಹೇಳಿ ಕರೆಯನ್ನು ಮುಗಿಸಿದೆ.

ಸಂಜೆಯವರೆಗೆ ಅವಕಾಶ ಬೇಡಲು ಒಂದು ಕಾರಣವಿತ್ತು. ಈ ಅಂಕಣದ ಓದುಗರು ನನ್ನನ್ನು, ಕನ್ನಡ ಎಂ.ಎ. ಮಾಡಿ, ಕಾಲೇಜಿನ ಹುಡುಗರಿಗೆ ಪಂಪನನ್ನೂ ಕುಮಾರವ್ಯಾಸನನ್ನೂ ಓದಿಸಿ ಜೀವನ ಸಾಗಿಸುವ ಸಾಧು ಪ್ರಾಣಿಯೆಂದು ಬಲ್ಲರು. ಆ ಸಾಧು ಪ್ರಾಣಿಯ ಬೀರುವಿನ ತಳದಲ್ಲಿ ಕಪ್ಪು ಅಂಗಿಯೊಂದು ಮಡಿಸಿಟ್ಟಿದೆ. ಅದರ ಎದೆಯ ಮೇಲೆ 'ಮೆಟಾಲಿಕಾ' ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದಿದೆ. ಈ ಸಂಗತಿಯನ್ನು ನನ್ನ ಸಹೋದ್ಯೋಗಿಗಳಿಗೆ ಇದುವರೆಗೆ ತಿಳಿಸಿಲ್ಲ. ತಿಳಿಸಿದರೆ ಕನ್ನಡಕ್ಕೆ ದ್ರೋಹ ಬಗೆದೆನೆಂದು ಯಾರೂ ಹೇಳಲಾರರು. ಆದರೆ ಮುಂದಿನ ಹಲವು ದಿನ ನನ್ನ ತಲೆಗೂದಲಿನ ಉದ್ದವನ್ನು ಗಮನಿಸುತ್ತಿರುತ್ತಾರೆ.

ಕಾಮಸಮುದ್ರದ ಹುಡುಗನಿಗೆ ಈ ಗೀಳು ಹೇಗೆ ಅಂಟಿತೆಂದು ಕೇಳಬಹುದು. ಬಂಗಾರಪೇಟೆಯನ್ನು ಬಿಟ್ಟು ಕುಪ್ಪಂ ಕಡೆಗೆ ಹೊರಟರೆ ಸಿಗುವ ಸಣ್ಣ ರೈಲು ನಿಲ್ದಾಣ ನಮ್ಮದು. ಒಂದು ಕಡೆ ಆಂಧ್ರ, ಮತ್ತೊಂದು ಕಡೆ ತಮಿಳುನಾಡು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ರೈಲಿನಲ್ಲಿ ತಮಿಳು. ಊರಿನಲ್ಲಿ ಕೇಳುತ್ತಿದ್ದ ಸಂಗೀತವೆಂದರೆ ರಾಮಮಂದಿರದ ಭಜನೆ ಮತ್ತು ಮದುವೆಮನೆಯ ವಾದ್ಯ. ಆನೆಗಳು ಗಡಿಯ ಕಾಡಿನಿಂದ ಹೊಲಕ್ಕೆ ಇಳಿದ ರಾತ್ರಿಗಳಲ್ಲಿ ತಮಟೆ, ಡಬ್ಬಗಳ ಮೇಳವೂ ನಡೆಯುತ್ತಿತ್ತು. ಗಟ್ಟಿ ಸದ್ದಿಗೆ ಕಿವಿ ಪಳಗಿದ್ದು ಅಲ್ಲಿಯೇ ಇರಬೇಕು.

ನಿಜವಾದ ದೀಕ್ಷೆ ದೊರೆತದ್ದು ರೈಲಿನಲ್ಲಿ. ಕಾಲೇಜಿಗೆಂದು ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ಸುಮಾರು 70 ಕಿಲೋಮೀಟರು ಹೋಗಿ ಬರುತ್ತಿದ್ದೆ. ಮಾರಿಕುಪ್ಪಂ ಕಡೆಯ ಗಾಡಿ ಬರುವ ಹೊತ್ತಿಗೆ ಅದು ಕೆ.ಜಿ.ಎಫ್. ಜನರಿಂದ ತುಂಬಿರುತ್ತಿತ್ತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದ ಮೇಲೆ, ತಂದೆಯಂದಿರು ಭೂಮಿಯೊಳಗೆ ಇಳಿಯುತ್ತಿದ್ದ ಊರಿನ ಮಕ್ಕಳು ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಅಂಥವರಲ್ಲಿ ಒಬ್ಬ ನನಗೆ ಮಿತ್ರನಾದ. ಇಂಗ್ಲಿಷರೂ ಆಂಗ್ಲೋ ಇಂಡಿಯನ್ನರೂ ಗಿಟಾರು ನುಡಿಸಿ ಕುಣಿದಿದ್ದ ಊರಿನವನು ಅವನು. ಈ ಸಂಗೀತ ಅವನಿಗೆ ಪರಕೀಯವೆನಿಸಿರಲಿಲ್ಲ. ಒಂದು ದಿನ ಮಾಲೂರು ದಾಟುವಾಗ ತನ್ನ ಕಿವಿಗೆ ಸಿಕ್ಕಿಸಿದ್ದ ಎರಡು ತಂತಿಗಳಲ್ಲಿ ಒಂದನ್ನು ತೆಗೆದು ನನ್ನ ಕೈಗಿಟ್ಟ. ಆಮೇಲೆ ಮೂರು ವರ್ಷ ಹಾಗೆಯೇ ನಡೆಯಿತು. ಎಡಗಿವಿಯ ಸಂಗೀತ ನನ್ನದು, ಬಲಗಿವಿಯದು ಅವನದು. ಪೂರ್ತಿ ಹಾಡನ್ನು ಎರಡೂ ಕಿವಿಗಳಿಂದ ಕೇಳಿದಾಗ ನನಗೆ ಅದರಲ್ಲಿ ಏನೋ ಹೆಚ್ಚಾಗಿದೆ ಎನಿಸಿತ್ತು.

ಆಗಿನ್ನೂ ಬಿ.ಎ. ವಿದ್ಯಾರ್ಥಿಯಾಗಿದ್ದ ನಾನು, ರಾಕ್ ಎಂದರೆ ಬಂಡೆ, ಆದ್ದರಿಂದ ಇದು ಬಂಡೆಯ ಸಂಗೀತ ಎಂದು ಅರ್ಥ ಹೇಳಿದ್ದೆ. ನಿಘಂಟನ್ನು ನೋಡಿದ ಮೇಲೆ ತಪ್ಪು ತಿಳಿಯಿತು. ಇಲ್ಲಿ ಆ ಶಬ್ದಕ್ಕೆ ತೂಗಾಡು, ಓಲಾಡು ಎಂದು ಅರ್ಥ. ಆದರೆ ಮಿತ್ರನ ತಂದೆ ನನ್ನ ತಪ್ಪು ಅರ್ಥವನ್ನೇ ಮೆಚ್ಚಿಕೊಂಡರು. ಅವರು ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿದು ದುಡಿದವರು. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಮೇಲಿನ ಭೂಮಿಯ ಭಾರವನ್ನು ತಾಳಲಾರದೆ ಬಂಡೆ ಒಮ್ಮೊಮ್ಮೆ ತಾನೇ ಸಿಡಿಯುತ್ತಿತ್ತು. ಮೇಲೆ ಊರಿನಲ್ಲಿ ಮನೆಗಳು ಅದುರುತ್ತಿದ್ದವು. ಯಂತ್ರದ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ನಾವು ಎಷ್ಟು ಗಟ್ಟಿಯಾಗಿ ಹಾಡು ಹಾಕಿದರೂ ಆಕ್ಷೇಪಿಸದ ಹಿರಿಯರು ಈ ಭೂಮಂಡಲದಲ್ಲಿ ನನಗೆ ಗೊತ್ತಿರುವಂತೆ ಅವರೊಬ್ಬರೇ.

"ಇದು ಏನು ಸದ್ದಪ್ಪಾ?" ಎಂದರು ಒಮ್ಮೆ, ತಮಿಳಿನ ಲಯದ ಕನ್ನಡದಲ್ಲಿ. "ಬಂಡೆ ಸಿಡಿದರೆ ಅದು ಸದ್ದು. ಆಗ ಓಡಬಾರದು. ಪಕ್ಕದಲ್ಲಿದ್ದವನು ಎಲ್ಲಿದ್ದಾನೆ ಅಂತ ಮೊದಲು ನೋಡಬೇಕು."

ಆ ಮಾತಿನ ಅರ್ಥ ನನಗೆ ಆಮೇಲೆ ತಿಳಿಯಿತು.

ಬೆಂಗಳೂರಿನ ಅರಮನೆ ಮೈದಾನ ಆ ವರ್ಷಗಳಲ್ಲಿ ದೇಶದ ರಾಕ್ ಪ್ರಿಯರಿಗೆ ಯಾತ್ರಾಸ್ಥಳವಾಗಿತ್ತು. 2003ರ ಏಪ್ರಿಲ್ 4ರಂದು ಅಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಬಂದರು. ಮೊದಲನೆಯದಕ್ಕೆ ನನಗೆ ವಯಸ್ಸಿರಲಿಲ್ಲ, ಎರಡನೆಯದಕ್ಕೆ ಹಣವಿರಲಿಲ್ಲ. 2011ರ ಅಕ್ಟೋಬರ್ 30ರ ಭಾನುವಾರ ಅಲ್ಲಿ ಮೆಟಾಲಿಕಾ ಕಚೇರಿಯೆಂದು ಪ್ರಕಟವಾದಾಗ ನಾನು ಎಂ.ಎ. ಮುಗಿಸಿ, ಮನೆಪಾಠ ಹೇಳಿ ನಾಲ್ಕು ಕಾಸು ಕೂಡಿಸಿದ್ದೆ. ಮಿತ್ರನೂ ನಾನೂ ಟಿಕೆಟ್ ಕೊಂಡೆವು.

ಅದಕ್ಕೆ ಎರಡು ದಿನ ಮೊದಲು ಅದೇ ತಂಡ ಗುರುಗ್ರಾಮದಲ್ಲಿ, ಆಗಿನ ಗುಡಗಾಂವಿನಲ್ಲಿ, ಹಾಡಬೇಕಾಗಿತ್ತು. ಜನ ನುಗ್ಗಿ ವೇದಿಕೆಯ ಮುಂದಿನ ತಡೆ ಮುರಿಯಿತು, ಕಚೇರಿ ನಿಂತಿತು, ಸಿಟ್ಟಿಗೆದ್ದವರು ವೇದಿಕೆಯನ್ನೇ ಹಾಳುಗೆಡವಿದರು. ಈ ಸುದ್ದಿಯನ್ನು ನಮ್ಮ ಮನೆಯಲ್ಲಿ ಯಾರೂ ಓದದಂತೆ ನಾನು ದಿನಪತ್ರಿಕೆಯನ್ನು ಬಚ್ಚಿಟ್ಟೆ. ಅಮ್ಮನಿಗೆ ಹೇಳಿದ್ದು "ಸಂಗೀತ ಕಚೇರಿ" ಎಂದು. ಅದು ಸುಳ್ಳಲ್ಲವಷ್ಟೆ? ಅಮ್ಮ, ಪಾಪ, ತ್ಯಾಗರಾಜರ ಕೃತಿಗಳನ್ನು ಊಹಿಸಿಕೊಂಡು, ನಾಲ್ಕು ದಿನದ ಹಿಂದಿನ ದೀಪಾವಳಿಯ ನೋಮಿನ ಕಜ್ಜಾಯವನ್ನು ಡಬ್ಬಿಯ ತುಂಬ ಕಟ್ಟಿಕೊಟ್ಟಳು. ಮೈದಾನದೊಳಗೆ ತಿಂಡಿ ಒಯ್ಯುವಂತಿರಲಿಲ್ಲ. ಹೊರಗೆ ಚಹಾ ಮಾರುತ್ತಿದ್ದವನ ಬಳಿ ಡಬ್ಬಿಯನ್ನು ಒಪ್ಪಿಸಿ ಒಳಗೆ ಹೋದೆವು.

ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ಮೊದಲಾದ ತಂಡಗಳು ಹಾಡಿ ಮುಗಿಸಿದವು. ಕತ್ತಲಾಯಿತು. ಮೆಟಾಲಿಕಾ ತಂಡದವರು 1983ರಿಂದ ತಮ್ಮ ಕಚೇರಿಗೆ ಮುನ್ನ ಒಂದು ಸಿನಿಮಾ ಸಂಗೀತವನ್ನು ಕೇಳಿಸುವ ಪದ್ಧತಿಯಿದೆ. 1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರಕ್ಕೆ ಎನ್ನಿಯೋ ಮೊರಿಕೋನೆ ರಚಿಸಿದ್ದು ಅದು. ಹೂತಿಟ್ಟ ಚಿನ್ನವನ್ನು ಹುಡುಕುತ್ತ ಒಬ್ಬನು ಸ್ಮಶಾನದಲ್ಲಿ ಸಮಾಧಿಯಿಂದ ಸಮಾಧಿಗೆ ಹುಚ್ಚನಂತೆ ಓಡುವ ದೃಶ್ಯ. ಆ ಸಂಗೀತದ ಹೆಸರು 'ಚಿನ್ನದ ಉನ್ಮಾದ' ಎಂದು ಮಿತ್ರನೇ ನನಗೆ ಹಿಂದೆ ತಿಳಿಸಿದ್ದ. ಅದನ್ನು ಕಾಯುತ್ತ ನಿಂತಿದ್ದ ಅವನ ಮುಖವನ್ನು ನೋಡಿದೆ. ಮುಚ್ಚಿದ ಚಿನ್ನದ ಗಣಿಯ ಊರಿನ ಹುಡುಗ ಅಳುತ್ತಿದ್ದನೋ ನಗುತ್ತಿದ್ದನೋ ಹೇಳಲಾರೆ.

ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಂಥ ಕಚೇರಿಗಳಲ್ಲಿ ತರುಣರು ನಡುವೆ ವೃತ್ತಾಕಾರವಾಗಿ ಜಾಗ ಬಿಡಿಸಿಕೊಂಡು, ಭುಜಕ್ಕೆ ಭುಜ ಬಡಿದು, ಒಬ್ಬರ ಮೇಲೊಬ್ಬರು ನುಗ್ಗಿ ಕುಣಿಯುತ್ತಾರೆ. ಮಾಷ್ ಪಿಟ್ ಎಂದು ಅದಕ್ಕೆ ಹೆಸರು. ಹೊರಗಿನಿಂದ ನೋಡಿದವರು ಹೊಡೆದಾಟವೆಂದೇ ತಿಳಿಯುವರು. ನಾನು ಅಂಚಿನಲ್ಲಿದ್ದೆ. ಒಂದು ಅಲೆ ಬಂದು ನನ್ನನ್ನು ಒಳಗೆ ಎಳೆಯಿತು, ಕಾಲು ತಪ್ಪಿತು, ಬಿದ್ದೆ. ಕನ್ನಡಕ ಹಾರಿಹೋಯಿತು. ನನ್ನ ಕಣ್ಣಿಗೆ ಕಂಡದ್ದು ಮಸುಕಾದ ಬೂಟುಗಳು ಮಾತ್ರ. ಓದುಗರೇ, ಆ ಕ್ಷಣದಲ್ಲಿ ನನಗೆ ಸಂಗೀತ ಕೇಳಿಸಲಿಲ್ಲ. ಅಮ್ಮನಿಗೆ ಏನು ಹೇಳುವರೋ ಎಂದಷ್ಟೇ ಹೊಳೆಯಿತು.

ಬಹುಶಃ ಎರಡು ಉಸಿರಿನ ಕಾಲ. ಅಷ್ಟರಲ್ಲಿ ನನ್ನ ಸುತ್ತ ನಾಲ್ಕೈದು ಮಂದಿ ಕೈ ಚಾಚಿ ಬೇಲಿಯಂತೆ ನಿಂತರು. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದರು. ಒಬ್ಬ ಹುಡುಗಿ ಕೈಗಡಿಯಾರದ ಕೈಯನ್ನು ಮೇಲೆತ್ತಿ "ಕನ್ನಡಕ, ಕನ್ನಡಕ" ಎಂದು ಇಂಗ್ಲಿಷಿನಲ್ಲಿ ಕೂಗಿದಳು. ಆ ವೃತ್ತವೇ ನಿಂತುಬಿಟ್ಟಿತು. ಮೊಬೈಲುಗಳ ಬೆಳಕು ನೆಲಕ್ಕೆ ಬಿದ್ದಿತು. ನನ್ನ ಕನ್ನಡಕ ಕೈಯಿಂದ ಕೈಗೆ ದಾಟಿ ನನ್ನ ಮೂಗಿನ ಮೇಲೆ ಬಂದು ಕುಳಿತಿತು, ಒಂದು ಗಾಜು ಸೀಳಿತ್ತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮರುಕ್ಷಣವೇ ಮತ್ತೆ ಹೊಡೆದಾಟದಂಥ ಕುಣಿತ ಆರಂಭವಾಯಿತು. ಬಿದ್ದವನನ್ನು ಮೊದಲು ಎತ್ತಬೇಕೆಂಬುದು ಆ ಸಂಪ್ರದಾಯದ ಮೊದಲ ಕಟ್ಟಳೆಯಂತೆ. ಅದನ್ನು ಎಲ್ಲಿಯೂ ಬರೆದಂತಿಲ್ಲ. ಹಿಂದೆ ತಾನು ಬಿದ್ದಾಗ ತನ್ನನ್ನು ಎತ್ತಿದವರಿಂದ ಪ್ರತಿಯೊಬ್ಬನೂ ಕಲಿಯುತ್ತಾನೆ.

ಕಚೇರಿ ಮುಗಿದ ಮೇಲೆ ಡಬ್ಬಿಯನ್ನು ಬಿಡಿಸಿಕೊಂಡು ಕಂಟೋನ್ಮೆಂಟ್ ನಿಲ್ದಾಣಕ್ಕೆ ನಡೆದೆವು. ಬೆಳಗಿನ ಗಾಡಿಗೆ ಕಾಯುವುದಷ್ಟೇ ಉಳಿದಿತ್ತು. ಅಲ್ಲಿ ನಮ್ಮಂತೆಯೇ ಕಪ್ಪು ಅಂಗಿಯ ಏಳೆಂಟು ಮಂದಿ ಕುಳಿತಿದ್ದರು. ಒಬ್ಬ ಕೊಯಮತ್ತೂರಿನವನು, ಇಬ್ಬರು ಕೇರಳದವರು, ಒಬ್ಬ ದೂರದ ಮಣಿಪುರದವನು. ಯಾರೂ ಹೆಸರು ಕೇಳಲಿಲ್ಲ. ಅಂಗಿಯ ಮೇಲೆ ಯಾವ ತಂಡದ ಹೆಸರಿದೆಯೋ ಅದೇ ಅವನ ಹೆಸರಾಯಿತು. "ಏ ಮೇಡನ್, ನೀರು ಕೊಡು." "ಫ್ಲಾಯ್ಡ್, ಸ್ವಲ್ಪ ಸರಿ." ಬೆಳಗಿನ ಜಾವದವರೆಗೆ ಯಾವ ಹಾಡು ಹೇಗಿತ್ತೆಂಬ ಚರ್ಚೆ ನಡೆಯಿತು, ನಮ್ಮ ವಿಮರ್ಶಾಗೋಷ್ಠಿಗಳಲ್ಲಿಯೂ ಅಷ್ಟು ಶ್ರದ್ಧೆಯನ್ನು ನಾನು ಕಂಡಿಲ್ಲ. ಕಜ್ಜಾಯದ ಡಬ್ಬಿ ವೃತ್ತದಲ್ಲಿ ಸುತ್ತಿತು. ಅಕ್ಕಿ, ಬೆಲ್ಲಗಳಿಂದ ಇಂಥದೊಂದು ವಸ್ತುವಾಗುವುದೆಂದು ಮಣಿಪುರದವನು ನಂಬಲೇ ಇಲ್ಲ. ಮಾರಿಕುಪ್ಪಂ ಗಾಡಿ ಬಂದಾಗ ಡಬ್ಬಿ ಬರಿದಾಗಿತ್ತು.

ಅಮ್ಮನಿಗೆ, ಕನ್ನಡಕ ರೈಲಿನಲ್ಲಿ ಬಿದ್ದು ಒಡೆಯಿತೆಂದು ಹೇಳಿದೆ. ಆ ಸುಳ್ಳು ಇಷ್ಟು ವರ್ಷವೂ ಹಾಗೆಯೇ ಉಳಿದಿತ್ತು. ಭಾನುವಾರ ನನ್ನನ್ನು ಬಾಧಿಸಿದ್ದು ಅದೇ. "ಹೋಗಲಿ ಬಿಡಕ್ಕಾ, ಭಯವಿಲ್ಲ" ಎಂದರೆ ಅದು ಎರಡನೆಯ ಸುಳ್ಳಾಗುತ್ತದೆ. ಭಯವಿದೆ. ನಾನು ಬಿದ್ದಿದ್ದೇನೆ. ಗುಡಗಾಂವಿನಲ್ಲಿ ವೇದಿಕೆ ಮುರಿದವರೂ ಅದೇ ಹಾಡುಗಳನ್ನು ಪ್ರೀತಿಸಿದವರೇ. ಪ್ರೀತಿಯೊಂದೇ ಸಾಲದು. ಬಾಗಿಲುಗಳು ಅಗಲವಾಗಿರಬೇಕು, ನೀರಿರಬೇಕು, ಸಂಘಟಕರು ಕೊಟ್ಟ ಮಾತನ್ನು ನಡೆಸಬೇಕು. ಜನ ಒತ್ತರಿಸಿದ ಕಿರಿದಾದ ಬಾಗಿಲಿನಲ್ಲಿ ಎತ್ತುವ ಮನಸ್ಸಿದ್ದರೂ ಕೈ ಆಡಲಾರದು. "ಬೇಡ" ಎಂದರೆ ಅದೂ ಸುಳ್ಳೇ. ಯಾಕೆಂದರೆ ನನ್ನ ಯೌವನದಲ್ಲಿ, ಪರಿಚಯವಿಲ್ಲದ ಮನುಷ್ಯರ ಮೇಲೆ ನನಗೆ ನಂಬಿಕೆ ಹುಟ್ಟಿದ ರಾತ್ರಿ ಅದೊಂದೇ.

ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಕನ್ನಡಕದ ಕಥೆಯನ್ನೂ ಸೇರಿಸಿ. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ನಿನ್ನನ್ನು ಎತ್ತಿದವರ ಹೆಸರೇನು?"

"ಗೊತ್ತಿಲ್ಲಕ್ಕಾ."

"ಹೆಸರು ಗೊತ್ತಿಲ್ಲದವರನ್ನು ನಂಬಿ ನನ್ನ ಮಗನನ್ನು ಕಳಿಸಬೇಕೇನೋ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ಅಲ್ಲಿ ಬೇರೆ ಯಾರಾದರೂ ಬಿದ್ದರೆ ಅವರಿಗೆ ನಿನ್ನ ಮಗನೂ ಹೆಸರು ಗೊತ್ತಿಲ್ಲದವನೇ ಅಲ್ಲವೇ ಅಕ್ಕಾ?" ಎಂದೆ.

ಮತ್ತೆ ಮೌನ. ಕೊನೆಗೆ ಪತ್ರಿಕೆಯ ಹಿಂದಿನಿಂದ ಭಾವನವರ ಧ್ವನಿ ಕೇಳಿಸಿತು: "ಅವನ ಮಾವನೂ ಜೊತೆಗೆ ಹೋಗಲಿ." ಹಲವು ವರ್ಷಗಳಲ್ಲಿ ಅವರು ಕೊಟ್ಟ ಮೊದಲ ತೀರ್ಪು ಅದು. ಅಕ್ಕ ಒಪ್ಪಿದಳು; ಆದರೆ ಷರತ್ತುಗಳಿದ್ದವು. ಬಾಗಿಲು ತೆರೆದೊಡನೆ ನುಗ್ಗಬಾರದು, ಹೊರಬರುವ ದಾರಿಯನ್ನು ಮೊದಲು ನೋಡಿಕೊಳ್ಳಬೇಕು, ಗಂಟೆಗೊಮ್ಮೆ ಕರೆ ಮಾಡಬೇಕು.

ಆ ರಾತ್ರಿ ಕೆ.ಜಿ.ಎಫ್. ಮಿತ್ರನಿಗೆ ಸುದ್ದಿ ಕಳುಹಿಸಿದೆ. ಈಗ ಅವನೂ ಸಂಸಾರಸ್ಥ, ಬೆಂಗಳೂರಿನಲ್ಲಿ ಉದ್ಯೋಗ. ಪ್ರತಿ ಅಕ್ಟೋಬರ್ 30ರಂದು ತಪ್ಪದೆ ನನಗೆ ಒಂದು ಸಾಲು ಬರೆಯುತ್ತಾನೆ. ಈ ಬಾರಿ ತಿಂಗಳಿಗಾಗಿ ಕಾಯದೆ ತಕ್ಷಣ ಉತ್ತರಿಸಿದ: "ನಾನೂ ಬರುತ್ತೇನೆ. ಕಜ್ಜಾಯ ಉಂಟಾ?"

ಮರುದಿನ ಬೀರುವಿನ ತಳದಿಂದ ಕಪ್ಪು ಅಂಗಿಯನ್ನು ತೆಗೆದು ಹಾಕಿಕೊಂಡು ನೋಡಿದೆ. ಗುಂಡಿಯಿಲ್ಲದ ಅಂಗಿಯಾದ್ದರಿಂದ ಗುಂಡಿ ಕಿತ್ತುಹೋಗುವ ಭಯವಿರಲಿಲ್ಲ. ಆದರೆ ಕನ್ನಡ ಅಧ್ಯಾಪಕನ ಹೊಟ್ಟೆಯ ಮೇಲೆ 'ಮೆಟಾಲಿಕಾ' ಎಂಬ ಅಕ್ಷರಗಳು ಮೊದಲಿಗಿಂತ ಸ್ವಲ್ಪ ದೊಡ್ಡದಾಗಿ ಕಂಡವು. ಅಳಿಯನಿಗೆ ಆ ಚಿತ್ರವನ್ನು ಕಳುಹಿಸಲಿಲ್ಲ. ಅಕ್ಕ ಮಾತ್ರ ಆಗಲೇ ಅಕ್ಕಿ ನೆನೆಹಾಕುವ ದಿನವನ್ನು ಲೆಕ್ಕಹಾಕಿದ್ದಾಳಂತೆ.